ಪಕ್ಷಿಕೆರೆಯ ಬಳಿ ಒಂದು ಗೊಬ್ಬರ ಶೌಚಾಲಯ: ಹಣ ಕೂಡಿಸುವುದು ಹೇಗೆ?

ಕಳೆದ ಚಳಿಗಾಲದಲ್ಲಿ ಅಕ್ಕನನ್ನು ಒಂದು ಪಕ್ಷಿಕೆರೆಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಆರಕ್ಕೆಲ್ಲ ಏರಿಯ ಮೇಲಿದ್ದೆವು. ಬಿಸಿಲೇರಿ ಹತ್ತು ಗಂಟೆಯಾದರೂ ಅವಳು ಒಂದು ಗುಟುಕು ನೀರು ಕುಡಿಯಲಿಲ್ಲ. ಬಾಟಲಿ ಮುಂದೆ ಹಿಡಿದಾಗ, ‘ಬೇಡ, ಕುಡಿದರೆ ಆಮೇಲೆ ಎಲ್ಲಿಗೆ ಹೋಗಲಿ?’ ಎಂದಳು. ಅಲ್ಲೇ ಕೆಲಸ ಮಾಡುವ ವಾಚರ್ ಹೆಂಗಸೊಬ್ಬರು ಪಕ್ಕದಲ್ಲಿ ನಿಂತಿದ್ದರು. ತಾವು ವರ್ಷವಿಡೀ ಹಾಗೆಯೇ ಇರುವುದಾಗಿ ಅವರು ಮೆಲ್ಲನೆ ಹೇಳಿದರು. ಗಂಡಸರು ಜಾಲಿ ಪೊದೆಗಳ ಮರೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಬಿದ್ದದ್ದೆಲ್ಲ ಮೊದಲ ಮಳೆಗೆ ಕೆರೆಗೇ ಇಳಿಯುತ್ತದೆ.

ಇಂಥ ಜಾಗಕ್ಕೆ ನೀರು ಬೇಡದ, ಕೆರೆಗೆ ಏನನ್ನೂ ಬಿಡದ, ಮಲವನ್ನು ಗೊಬ್ಬರವಾಗಿಸುವ ಶೌಚಾಲಯವೊಂದನ್ನು ಕಟ್ಟಿಸಬೇಕೆಂದು ಹೊರಡುವ ಗೆಳೆಯರ ಬಳಗಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡಕ್ಕೆ ಹಣ ಹುಟ್ಟುತ್ತದೆ, ಅದನ್ನು ದಿನಾ ನೋಡಿಕೊಳ್ಳುವ ಕೈಗಳಿಗೆ ಹುಟ್ಟುವುದಿಲ್ಲ. ದಾನಿಗಳ ಹೆಸರು ಕೆತ್ತಿದ ಕಲ್ಲಿದ್ದೂ ಆರೇ ತಿಂಗಳಲ್ಲಿ ಬೀಗ ಬಿದ್ದ ಶೌಚಾಲಯವನ್ನು ನಾನು ಕಂಡಿದ್ದೇನೆ. ಪೊರಕೆ ಹಿಡಿಯುವವರಿಗೆ ಸಂಬಳ ಕೊಡಬೇಕೆಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ. ಆದ್ದರಿಂದ ಈ ಬರಹದ ಪ್ರತಿ ಹೆಜ್ಜೆಯಲ್ಲೂ ಸಂಬಳದ ಮಾತು ಬರುತ್ತದೆ.

ಒಂದು ಭಾನುವಾರ ಕೂತು ಎಣಿಸಿ

ಹಣ ಕೇಳುವ ಮೊದಲು ಎರಡು ದಿನ ಎಣಿಕೆಗೆ ಕೊಡಿ. ಒಂದು ಜನ ಸೇರುವ ಭಾನುವಾರವಾಗಿರಲಿ, ಇನ್ನೊಂದು ಸಾಮಾನ್ಯ ವಾರದ ದಿನವಾಗಿರಲಿ. ಎಷ್ಟು ಜನ ಬಂದರು, ಅವರಲ್ಲಿ ಹೆಂಗಸರು ಎಷ್ಟು, ಮಕ್ಕಳು ಎಷ್ಟು, ಎಷ್ಟು ಹೊತ್ತು ಇದ್ದರು, ಶಾಲೆಯ ಬಸ್‌ಗಳು ಬಂದವೇ ಎಂದು ಬರೆದುಕೊಳ್ಳಿ. ಹತ್ತಿರದ ಶೌಚಾಲಯ ಎಷ್ಟು ದೂರದಲ್ಲಿದೆ ಎಂದು ನಡೆದು ನೋಡಿ. ಕೆರೆಯ ಕೆಲಸಗಾರರು, ಮೀನು ಹಿಡಿಯುವವರು, ದನ ಕಾಯುವವರು ಎಣಿಕೆಯಿಂದ ಬಿಟ್ಟುಹೋಗಬಾರದು. ಪ್ರವಾಸಿ ಎರಡು ಗಂಟೆ ಇದ್ದು ಹೋಗುತ್ತಾನೆ, ಅವರು ದಿನವಿಡೀ ಅಲ್ಲೇ ಇರುತ್ತಾರೆ.

ಇದನ್ನು ನಿಮ್ಮ ಕೆರೆಯ ಋತುವಿನಲ್ಲೇ ಮಾಡಿ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುವುದು ಚಳಿಗಾಲದಲ್ಲಿ, ಜನ ಸೇರುವುದೂ ಆಗಲೇ. ರಾಮನಗರದ ಕಡೆಯ ಮಾಗಡಿಯೆಂದು ತಿಳಿದು ದಾರಿ ತಪ್ಪುವವರಿದ್ದಾರೆ, ಅದಕ್ಕೇ ಜಿಲ್ಲೆಯ ಹೆಸರನ್ನೂ ಹೇಳಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳ ಗೂಡಿನ ಕಾಲ ಬೇಸಿಗೆಯವರೆಗೂ ಚಾಚುತ್ತದೆ. ಎಣಿಕೆಯಿಂದ ಇನ್ನೊಂದು ಉಪಯೋಗವಿದೆ: ಯಾವ ತಿಂಗಳಲ್ಲಿ ಗೋಡೆ ಕಟ್ಟಬಾರದು ಎಂಬುದು ಗೊತ್ತಾಗುತ್ತದೆ. ಹಕ್ಕಿಗಳಿರುವಾಗ ಜಲ್ಲಿ ಲಾರಿ ತರಿಸಿದರೆ ನಾವು ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬುದೇ ಮರೆತುಹೋದಂತೆ.

ಜಾಗ ಮೊದಲು, ಹಣ ಆಮೇಲೆ

ಹಣ ಕೈಗೆ ಬಂದ ಮೇಲೆ ಅನುಮತಿ ಸಿಗದಿದ್ದರೆ ದಾನಿಗಳ ಮುಂದೆ ತಲೆ ಎತ್ತುವಂತಿಲ್ಲ. ಆದ್ದರಿಂದ ಜಾಗದ ಕಾನೂನನ್ನು ಮೊದಲು ಅರಿಯಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ ಅಡಿಯಲ್ಲಿ ಅಭಯಾರಣ್ಯ, ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಬೇರೆ ಬೇರೆ ಬಗೆಯ ರಕ್ಷಿತ ಪ್ರದೇಶಗಳು. ರಂಗನತಿಟ್ಟು ಪಕ್ಷಿಧಾಮ ಅಭಯಾರಣ್ಯ. ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಸಂರಕ್ಷಣಾ ಮೀಸಲುಗಳು. ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಅದರಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿ ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಆ ವ್ಯಾಪ್ತಿಯ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳೂ ಸ್ವಯಂಸೇವಾ ಸಂಸ್ಥೆಗಳ ಮೂವರೂ ಇರುತ್ತಾರೆ. ನಿಮ್ಮ ಮೊದಲ ಪತ್ರ ವಲಯ ಅರಣ್ಯಾಧಿಕಾರಿಯ ಮೂಲಕ ಈ ಸಮಿತಿಗೆ ಹೋಗಲಿ.

ನನ್ನ ಸಲಹೆ ಇದಕ್ಕಿಂತ ಸರಳ. ಮೀಸಲಿನ ಗಡಿಯ ಹೊರಗೆ, ವಾಹನ ನಿಲ್ಲಿಸುವ ಕಡೆ, ಪಂಚಾಯಿತಿ ಜಾಗ ಇದೆಯೇ ನೋಡಿ. ಗಡಿಯೊಳಗಿನ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುವ ಹೊತ್ತಿಗೆ, ಹೊರಗಿನದಕ್ಕೆ ಗ್ರಾಮ ಸಭೆಯ ಠರಾವು ಆಗಿ ಕೆಲಸವೂ ಮುಗಿದಿರುತ್ತದೆ. ಹಕ್ಕಿಗಳಿಗೂ ಅದೇ ಒಳ್ಳೆಯದು. ದೂರದ ಅಳತೆ ಬೇಕಾದರೆ 2017ರ ಜೌಗು ಪ್ರದೇಶ ನಿಯಮಗಳಲ್ಲಿ ಒಂದು ಇದೆ. ದೋಣಿ ಕಟ್ಟೆ ಬಿಟ್ಟರೆ ಬೇರಾವ ಶಾಶ್ವತ ಕಟ್ಟಡವನ್ನೂ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಟ್ಟಬಾರದೆಂದು ಅವು ಹೇಳುತ್ತವೆ. ವನ್ಯಜೀವಿ ಕಾಯಿದೆಯಡಿ ಬರುವ ಕೆರೆಗಳಿಗೆ ಆ ಕಾಯಿದೆಯೇ ಮುಖ್ಯವಾದರೂ ಈ 50 ಮೀಟರನ್ನು ನೀವಾಗಿಯೇ ಪಾಲಿಸಿ. ಊರಿನ ಹಿರಿಯರನ್ನು ಕೇಳಿದರೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಲ್ಲು ತೋರಿಸಿ ಹೇಳುತ್ತಾರೆ.

ಏನನ್ನು ಕಟ್ಟುತ್ತೀರಿ ಎಂದು ಹೇಳಲು ಬರಬೇಕು

ದಾನಿಗಳು ಕೇಳುವ ಮೊದಲ ಪ್ರಶ್ನೆ: ‘ಎಲ್ಲರ ಮನೆಯಲ್ಲೂ ಇರುವಂಥ ಗುಂಡಿ ಶೌಚಾಲಯ ಸಾಲದೇ?’ ಉತ್ತರ ಕೆರೆಯ ದಡದಲ್ಲೇ ಇದೆ. ಇಂಗುಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಎರಡು ಮೀಟರ್ ಮಣ್ಣಿರಬೇಕು. ಕೆರೆಯ ಪಕ್ಕದಲ್ಲಿ ಮಳೆಗಾಲಕ್ಕೆ ಒಂದಾಳು ಅಗೆದರೆ ನೀರು ಸಿಗುತ್ತದೆ. ಗುಂಡಿಯೊಳಗಿನ ಸಾರಜನಕ, ರಂಜಕಗಳು ಕೆರೆ ಸೇರಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತವೆ, ನೀರಿನ ಉಸಿರು ಕಟ್ಟುತ್ತದೆ.

ಗೊಬ್ಬರ ಶೌಚಾಲಯದಲ್ಲಿ ಅಗೆಯುವುದೇ ಇಲ್ಲ. ನೆಲದ ಮೇಲೆ ಎರಡು ಕೋಣೆ ಕಟ್ಟಿ, ಅವುಗಳ ಮೇಲೆ ಕೂರುವ ಜಾಗ ಮಾಡುತ್ತಾರೆ. ಮಲ ಕೋಣೆಗೆ ಬೀಳುತ್ತದೆ, ಮೂತ್ರ ಬೇರೆ ಕೊಳವೆಯಲ್ಲಿ ಕ್ಯಾನಿಗೆ ಹೋಗುತ್ತದೆ, ತೊಳೆದ ನೀರು ಮೂರನೆಯ ದಾರಿಯಲ್ಲಿ ಕಾಬಾಳೆಯ ಪಾತಿಗೆ ಹರಿಯುತ್ತದೆ. ಈ ಮೂರನೆಯ ದಾರಿಯನ್ನು ಮರೆಯಬೇಡಿ. ಕಾಗದದಲ್ಲಿ ಒರೆಸಿಕೊಳ್ಳುವ ದೇಶಗಳ ನಕ್ಷೆಯನ್ನು ಹಾಗೆಯೇ ತಂದರೆ ನಮ್ಮ ಚೊಂಬಿನ ನೀರೆಲ್ಲ ಮಲದ ಕೋಣೆಗೆ ಹೋಗಿ ಕೊಳೆತು ನಾರುತ್ತದೆ. ಪ್ರತಿ ಬಾರಿ ಬಳಸಿದ ಮೇಲೆ ಒಂದು ಡಬ್ಬಿ ಬೂದಿ ಅಥವಾ ಭತ್ತದ ಹೊಟ್ಟು ಸುರಿಯಬೇಕು. ಜಾಲರಿ ಕಟ್ಟಿದ ಗಾಳಿಕೊಳವೆ ವಾಸನೆಯನ್ನು ಮೇಲಕ್ಕೆ ಒಯ್ಯುತ್ತದೆ. ಒಂದು ಕೋಣೆ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ನಮ್ಮ ಹವೆಯಲ್ಲಿ, ಅಂದರೆ 20ರಿಂದ 35 ಡಿಗ್ರಿ ಶಾಖದಲ್ಲಿ, ಮುಚ್ಚಿದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಕೋಣೆ ಎಷ್ಟು ದೊಡ್ಡದಿರಬೇಕು ಎಂಬುದು ನಿಮ್ಮ ಭಾನುವಾರದ ಎಣಿಕೆಯಿಂದ ಬರುತ್ತದೆ: ತುಂಬಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುವಷ್ಟು.

ಇದೇನೂ ಹೊಸತಲ್ಲ. ಲಡಾಖ್‌ನ ಹಳೆಯ ಮನೆಗಳಲ್ಲಿ ಮೇಲಿನ ಕೋಣೆಯ ತೂತಿನಲ್ಲಿ ಮಣ್ಣು ಸುರಿದು, ಕೆಳಗಿನ ಕೋಣೆಯಿಂದ ಗೊಬ್ಬರವನ್ನು ಹೊಲಕ್ಕೆ ಒಯ್ಯುವ ಪದ್ಧತಿ ಬಹಳ ಕಾಲದಿಂದ ಇದೆ. ತಮಿಳುನಾಡಿನ ಮುಸಿರಿಯಲ್ಲಿ ಇಂಥದೇ ಸಮುದಾಯ ಶೌಚಾಲಯ ಕಟ್ಟಿ, ರೂಢಿಯಾಗಲೆಂದು ಬಳಸಿದವರಿಗೇ ಕಿರುಮೊತ್ತ ಕೊಟ್ಟರು. ನಮಗೆ ಇನ್ನೂ ಹತ್ತಿರದ ಮಾದರಿ ಕೊಕ್ಕರೆ ಬೆಳ್ಳೂರು. ಅಲ್ಲಿನ ರೈತರು ಹಕ್ಕಿಗಳಿರುವ ಮರಗಳ ಕೆಳಗೆ ಬಿದ್ದ ಹಿಕ್ಕೆಯನ್ನು ಕೆರೆಯ ಗೋಡಿನ ಜೊತೆ ಬೆರೆಸಿ ಹೊಲಕ್ಕೆ ಹಾಕುತ್ತಾ ಬಂದಿದ್ದಾರೆ. ಊರಿನವರ ಮುಂದೆ ನಾನು ಮಾತು ಶುರು ಮಾಡುವುದೇ ಇಲ್ಲಿಂದ. ತಿಪ್ಪೆಯ ಬೆಲೆ ತಿಳಿದವರಿಗೆ ಈ ಶೌಚಾಲಯ ಬೇಗ ಅರ್ಥವಾಗುತ್ತದೆ.

ಹೆಸರಿನ ಎಚ್ಚರ

ದಯವಿಟ್ಟು ಇದನ್ನು ‘ಒಣ ಶೌಚಾಲಯ’ ಎಂದು ಕರೆಯಬೇಡಿ. ನಮ್ಮ ನಾಡಿನಲ್ಲಿ ಒಣ ಪಾಯಿಖಾನೆ ಎಂದರೆ ಬೆಳಗಾಗುವ ಮೊದಲು ಒಂದು ಜಾತಿಯ ಜನ ಬುಟ್ಟಿಯಲ್ಲಿ ಮಲ ಹೊತ್ತ ನೆನಪು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಕರ್ನಾಟಕದಲ್ಲಿ ಅದನ್ನು ನಿಷೇಧಿಸಲಾಯಿತು. ಆದರೂ ನಿಲ್ಲಲಿಲ್ಲ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಅದನ್ನು ಕಣ್ಣಾರೆ ಕಂಡು ಬೆಳೆದ ಬೆಜವಾಡ ವಿಲ್ಸನ್ ಅದರ ವಿರುದ್ಧ ಜೀವಮಾನ ಹೋರಾಡಬೇಕಾಯಿತು. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ನಾವು ಓದಿದ್ದೇವೆ. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ.

ಆದ್ದರಿಂದ ಮನವಿಯಲ್ಲಿ ಎರಡು ವಿಷಯ ಬಿಡಿಸಿ ಬರೆಯಿರಿ. ಒಂದು, ಪೂರಾ ಮಣ್ಣಾಗುವವರೆಗೆ ಕೋಣೆಯನ್ನು ಯಾರೂ ತೆರೆಯುವುದಿಲ್ಲ, ಯಾರೂ ಹಸಿ ಮಲವನ್ನು ಮುಟ್ಟುವುದಿಲ್ಲ. ಇನ್ನೊಂದು, ತೆರೆಯುವ ದಿನ ಸಲಿಕೆ ಹಿಡಿಯುವವರು ಯಾರು ಎಂಬುದು. ‘ಊರಿನಲ್ಲಿ ಆ ಕೆಲಸದವರು ಇದ್ದಾರಲ್ಲ’ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ದಾನಿಯಾಗಿರಲಿ, ಆ ಮಾತನ್ನು ಅಲ್ಲೇ ತಡೆಯಿರಿ. ನಿಮ್ಮ ಬಳಗದವರೇ ಕೈಗವಸು ಹಾಕಿ ಮೊದಲ ಸಲಿಕೆ ಹಿಡಿಯಲು ಸಿದ್ಧರಿರಬೇಕು. ಸಿದ್ಧರಿಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ.

ಲೆಕ್ಕ

ಅಂದಾಜು ಪಟ್ಟಿಯನ್ನು ಎರಡು ಹಾಳೆಯಲ್ಲಿ ಮಾಡಿ. ಮೊದಲ ಹಾಳೆ ಕಟ್ಟಡದ್ದು. ಇಂಥ ಕೆಲಸ ಮಾಡಿ ಗೊತ್ತಿರುವ ಎಂಜಿನಿಯರ್ ಒಬ್ಬರಿಂದ ನಕ್ಷೆ, ಊರ ಗಾರೆ ಮೇಸ್ತ್ರಿಯಿಂದ ಕೂಲಿಯ ದರ ಪಡೆಯಿರಿ. ಜನ ಸಾಮಾನ್ಯವಾಗಿ ಮರೆಯುವವು ಇವು: ಗಂಡಸರಿಗೆ ನೀರಿಲ್ಲದ ಮೂತ್ರದ ಕಟ್ಟೆ (ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಅಷ್ಟೇ), ಮುಟ್ಟಿನ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ಕೈ ತೊಳೆಯಲು ಮಳೆನೀರಿನ ತೊಟ್ಟಿ. ಇನ್ನೊಂದು, ಗಾಲಿಕುರ್ಚಿಯವರ ಇಳಿಜಾರು. ಕೋಣೆಗಳು ನೆಲದ ಮೇಲಿರುವುದರಿಂದ ಶೌಚಾಲಯದ ನೆಲ ಸುಮಾರು 90 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಒಂದಕ್ಕೆ ಹನ್ನೆರಡರ ಇಳಿಜಾರೆಂದರೆ 10.8 ಮೀಟರ್ ಉದ್ದ. ಅದಕ್ಕೆ ಸಾಕಷ್ಟು ಹಣ ಬೇಕು. ಸಹಜವಾಗಿ ಇಳಿಜಾರಿರುವ ಜಾಗ ಆರಿಸಿ, ಮೇಲಿನಿಂದ ಪ್ರವೇಶ, ಕೆಳಗಿನಿಂದ ಕೋಣೆಯ ಬಾಗಿಲು ಇಟ್ಟರೆ ಈ ಖರ್ಚು ಬಹಳ ತಗ್ಗುತ್ತದೆ.

ಎರಡನೆಯ ಹಾಳೆ ನಿರ್ವಹಣೆಯದು, ಇದೇ ಮುಖ್ಯ. ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ, ನಿಮ್ಮ ಊರಿನ ದರ ಬೇರೆ ಇರಬಹುದು. ದಿನಕ್ಕೆ ಎರಡು ಹೊತ್ತು ಬಂದು ನೋಡಿಕೊಳ್ಳುವವರಿಗೆ ತಿಂಗಳಿಗೆ 7,000 ರೂಪಾಯಿ, ವರ್ಷಕ್ಕೆ 84,000. ಸಾಬೂನು, ಸುಣ್ಣ, ಹೊಟ್ಟು, ಸಣ್ಣ ರಿಪೇರಿಗೆ ತಿಂಗಳಿಗೆ 1,500, ವರ್ಷಕ್ಕೆ 18,000. ಒಟ್ಟು 1,02,000. ಬಳಸಿದವರಿಂದ ಐದು ರೂಪಾಯಿ ಪಡೆದರೆ, ದಿನಕ್ಕೆ 40 ಜನರಂತೆ ಜನ ಬರುವ 150 ದಿನಗಳಲ್ಲಿ 30,000 ಸಿಗುತ್ತದೆ. ಉಳಿದ ಕೊರತೆ 72,000. ತಿಂಗಳಿಗೆ 500 ರೂಪಾಯಿ ಕೊಡುವ ಹನ್ನೆರಡು ಜನ ಸಿಕ್ಕರೆ ಅದು ತುಂಬುತ್ತದೆ.

ಈ ಹನ್ನೆರಡು ಜನರನ್ನು ಮೊದಲು ಹುಡುಕಿ. ಅವರು ಸಿಗುವವರೆಗೆ ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಕೇಳಬೇಡಿ. ನನ್ನ ಗೆಳೆಯರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಕಟ್ಟಡ ಎದ್ದು ನಿಂತರೆ ನಿರ್ವಹಣೆ ಹೇಗೋ ಆಗುತ್ತದೆ ಎನ್ನುತ್ತಾರೆ. ಬೀಗ ಬಿದ್ದ ಬಾಗಿಲುಗಳನ್ನು ನೋಡಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ. ನೋಡಿಕೊಳ್ಳುವವರ ಆಯ್ಕೆಯಲ್ಲೂ ಜಾತಿ ನುಸುಳದಂತೆ ಕೆಲಸವನ್ನು ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸಿ, ಸದಸ್ಯೆಯರು ಸರದಿಯಂತೆ ಮಾಡುವ ಏರ್ಪಾಡು ಮಾಡಬಹುದು. ಸಂಬಳ ಅವರ ಬ್ಯಾಂಕ್ ಖಾತೆಗೇ ಹೋಗಲಿ.

ಯಾರ ಬಾಗಿಲು ಮೊದಲು?

ಊರಿನಿಂದ ಶುರು ಮಾಡಿ. ಜಾತ್ರೆಯ ವಂತಿಗೆ ಎತ್ತುವ ಊರಿಗೆ ಹಣ ಕೂಡಿಸುವುದನ್ನು ನಾವು ಕಲಿಸಬೇಕಾಗಿಲ್ಲ. ಹಣವೇ ಬೇಕೆಂದಿಲ್ಲ. ಒಬ್ಬರು ಎರಡು ಟ್ರ್ಯಾಕ್ಟರ್ ಕಲ್ಲು ಕೊಡುತ್ತಾರೆ, ಅಕ್ಕಿ ಗಿರಣಿಯವರು ಹೊಟ್ಟು ಕೊಡುತ್ತಾರೆ, ಹೋಟೆಲಿನವರು ಸೌದೆ ಒಲೆಯ ಬೂದಿ ಕೊಡುತ್ತಾರೆ. ಇವನ್ನೆಲ್ಲ ರೂಪಾಯಿಗೆ ತಿರುಗಿಸಿ ಪಟ್ಟಿಯಲ್ಲಿ ಬರೆಯಿರಿ. ಹೊರಗಿನ ದಾನಿಗೆ ಊರಿನ ಪಾಲು ಕಂಡರೆ ನಂಬಿಕೆ ಬರುತ್ತದೆ.

ಮುಂದಿನದು ಪಂಚಾಯಿತಿ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿಯಲ್ಲಿ ಸಮುದಾಯ ಶೌಚಾಲಯಕ್ಕೆ 3 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶ ಮಾಡಲಾಗಿತ್ತು. ಅದರಲ್ಲಿ ಶೇ 70 ಮಿಷನ್‌ನದು, ಶೇ 30 ಹಣಕಾಸು ಆಯೋಗದ ಅನುದಾನದಿಂದ ಪಂಚಾಯಿತಿಯದು. ಈಗ ಯಾವ ಯೋಜನೆಯಲ್ಲಿ ಹಣ ಉಳಿದಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ, ವಾರ್ಷಿಕ ಕ್ರಿಯಾ ಯೋಜನೆ ತಯಾರಾಗುವ ಮೊದಲೇ ಅರ್ಜಿ ಕೊಡಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೂ ಇದೆ. ಆದರೆ ಅದು ಕಟ್ಟಡಕ್ಕೆ ಸಿಗುತ್ತದೆ, ಸಂಬಳಕ್ಕೆ ಸಿಗುವುದಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಇಲ್ಲಿ ನಿಜಕ್ಕೂ ಕೈಹಿಡಿಯಬಲ್ಲದು. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಇದಕ್ಕೆ ಇಡಬೇಕು. ಏಳನೇ ಅನುಸೂಚಿಯಲ್ಲಿ ನೈರ್ಮಲ್ಯವೂ ಇದೆ, ಪರಿಸರ ಮತ್ತು ಪ್ರಾಣಿ ಸಂಕುಲದ ರಕ್ಷಣೆಯೂ ಇದೆ. ನಿಮ್ಮ ಶೌಚಾಲಯ ಎರಡಕ್ಕೂ ಸೇರುತ್ತದೆ, ಇದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ. ‘ನಿರಂತರ ಯೋಜನೆ’ ಎಂಬ ಅವಕಾಶವೂ ಇದೆ: ಆರಂಭದ ಹಣಕಾಸು ವರ್ಷ ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ಕಂಪನಿ ಒಂದೇ ಯೋಜನೆಗೆ ಹಣ ಕೊಡಬಹುದು. ಅಂದರೆ ಮೂರು ವರ್ಷದ ಸಂಬಳವನ್ನೂ ಕೇಳಬಹುದು. ಬಹಳ ಜನ ಇದನ್ನು ಕೇಳುವುದೇ ಇಲ್ಲ. ಇಂಥ ಹಣ ಪಡೆಯುವ ಸಂಸ್ಥೆ ಸರ್ಕಾರದಲ್ಲಿ ಸಿಎಸ್‌ಆರ್-1 ಎಂಬ ನಮೂನೆ ತುಂಬಿ ನೋಂದಣಿ ಮಾಡಿಸಿರಬೇಕು. ನಿಮ್ಮ ಬಳಗಕ್ಕೆ ಅದಿಲ್ಲದಿದ್ದರೆ ಇರುವ ಸಂಸ್ಥೆಯೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಹೊರದೇಶದ ಕನ್ನಡಿಗರು ಇಂಥ ಕೆಲಸಕ್ಕೆ ಮನಸಾರೆ ಕೊಡುತ್ತಾರೆ. ಆದರೆ ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕೊಟ್ಟರೆ ಅದು ವಿದೇಶಿ ವಂತಿಗೆಯೇ. 2010ರ ವಿದೇಶಿ ವಂತಿಗೆ ಕಾಯಿದೆಯಡಿ ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆ ಅಂಥ ಹಣವನ್ನು ನಿಮಗೆ ದಾಟಿಸುವಂತೆಯೂ ಇಲ್ಲ. ಹಣ ಬರುವ ಮೊದಲೇ ಯಾವ ದೇಶದ ಪಾಸ್‌ಪೋರ್ಟ್ ಎಂದು ವಿನಯದಿಂದ ಕೇಳಿಬಿಡಿ.

ಮನವಿ ಪತ್ರ

ಒಂದು ಪುಟ ಮೀರದಿರಲಿ. ಹಕ್ಕಿಯ ಚಿತ್ರದಿಂದ ಆರಂಭಿಸುವುದು ಎಲ್ಲರ ರೂಢಿ. ನಾನಾದರೆ ಕುಡಿಯದೆ ಉಳಿದ ನೀರಿನ ಬಾಟಲಿಯಿಂದ ಆರಂಭಿಸುತ್ತೇನೆ. ಮಾದರಿಗೆ:

‘ಮಾನ್ಯರೇ, ನಮ್ಮ ಕೆರೆಗೆ ಕಳೆದ ಭಾನುವಾರ ಇಷ್ಟು ಜನ ಬಂದಿದ್ದರು. ಅವರಲ್ಲಿ ಇಷ್ಟು ಮಂದಿ ಹೆಂಗಸರು. ಹತ್ತಿರದ ಶೌಚಾಲಯ ಇಷ್ಟು ಕಿಲೋಮೀಟರ್ ದೂರ. ಕೆರೆಯನ್ನು ಕಾಯುವವರಿಗೂ ಬೇರೆ ದಾರಿಯಿಲ್ಲ. ಕೆರೆಗೆ ಒಂದು ಹನಿ ಕೊಳೆಯೂ ಸೇರದ ಗೊಬ್ಬರ ಶೌಚಾಲಯ ಕಟ್ಟಲು ಪಂಚಾಯಿತಿ ಜಾಗ ಕೊಟ್ಟಿದೆ, ಠರಾವಿನ ಪ್ರತಿ ಲಗತ್ತಿಸಿದೆ. ನಿರ್ವಹಣೆಗೆ ಹನ್ನೆರಡು ಜನ ಈಗಾಗಲೇ ಮಾತು ಕೊಟ್ಟಿದ್ದಾರೆ. ಕಟ್ಟಡಕ್ಕೆ ಬೇಕಾದ ಇಷ್ಟು ರೂಪಾಯಿಯಲ್ಲಿ ಊರಿನವರು ಇಷ್ಟು ಭರಿಸಿದ್ದಾರೆ. ಎರಡು ಗಾಳಿಕೊಳವೆಗಳ ಖರ್ಚನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ.’

ಕೊನೆಯ ಸಾಲನ್ನು ಗಮನಿಸಿ. ‘ಕೈಲಾದಷ್ಟು ಕೊಡಿ’ ಎಂದರೆ ಜನ ನೂರು ಕೊಟ್ಟು ಸುಮ್ಮನಾಗುತ್ತಾರೆ. ಗಾಳಿಕೊಳವೆ, ಒಂದು ಬಾಗಿಲು, ಇಳಿಜಾರಿನ ಒಂದು ಮೀಟರ್, ಒಂದು ತಿಂಗಳ ಸಂಬಳ ಎಂದು ಹೆಸರಿಸಿ ಕೇಳಿದರೆ ಅದಕ್ಕೆ ತಕ್ಕಂತೆ ಕೊಡುತ್ತಾರೆ, ಆಮೇಲೆ ಬಂದು ಅದನ್ನು ಮುಟ್ಟಿಯೂ ನೋಡುತ್ತಾರೆ.

ರಸೀದಿ ಮತ್ತು ಆಮೇಲಿನದು

ಹಣ ಯಾರ ಸ್ವಂತ ಖಾತೆಗೂ ಬೀಳಬಾರದು. ನೋಂದಾಯಿತ ಸಂಘದ ಖಾತೆ, ಇಬ್ಬರ ಜಂಟಿ ಸಹಿ, ಪ್ರತಿ ರೂಪಾಯಿಗೂ ರಸೀದಿ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯ ಮನ್ನಣೆ (80ಜಿ ಎಂದು ರೂಢಿ) ಇರುವ ಸಂಸ್ಥೆಗೆ ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಸಿಗುತ್ತದೆ. ಆದರೆ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ಕಟ್ಟಡದ ಹಣ, ನಿರ್ವಹಣೆಯ ಹಣ ಬೇರೆ ಬೇರೆ ಖಾತೆಯಲ್ಲಿರಲಿ. ಸಿಮೆಂಟ್ ದರ ಏರಿತೆಂದು ಸಂಬಳದ ಹಣಕ್ಕೆ ಕೈ ಹಾಕುವ ಆಸೆ ಖಂಡಿತ ಬರುತ್ತದೆ.

ಕಟ್ಟಿದ ಮೇಲೆ ಹೊರಗೋಡೆಗೆ ಕಪ್ಪುಹಲಗೆ ಹಾಕಿ, ಆ ತಿಂಗಳ ಜಮೆ-ಖರ್ಚನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಬಳಸುವ ಬಗೆಯನ್ನು ಚಿತ್ರದಲ್ಲಿ ಬರೆಸಿ. ಓದಲು ಬಾರದವರಿಗೂ ಬೂದಿ ಎಲ್ಲಿದೆ, ನೀರು ಎಲ್ಲಿ ಹಾಕಬೇಕು ಎಂಬುದು ತಿಳಿಯಬೇಕು. ಮೂತ್ರದ ಕ್ಯಾನುಗಳನ್ನು ಮುಚ್ಚಿ ಕೆಲವು ತಿಂಗಳು ಇಟ್ಟು, ಒಂದಕ್ಕೆ ಐದರಿಂದ ಹತ್ತು ಪಾಲು ನೀರು ಬೆರೆಸಿ ಬೆಳೆಯ ಬುಡಕ್ಕೆ ಹಾಕಬಹುದು. ಮೊದಲು ಒಪ್ಪುವ ರೈತ ಒಬ್ಬರೇ ಇರುತ್ತಾರೆ, ಅಷ್ಟು ಸಾಕು. ಕೆರೆಯ ಕಡೆ ಇಳಿಜಾರಿರುವ ಹೊಲಕ್ಕೆ ಮಾತ್ರ ಬೇಡ.

ಮೊದಲ ಕೋಣೆ ಮುಚ್ಚಿದ ದಿನಾಂಕವನ್ನು ಅದರ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯಿಸಿ. ಅದನ್ನು ತೆರೆಯುವ ದಿನಕ್ಕೆ ಆ ಹನ್ನೆರಡು ಜನರಿಗೂ ಊರಿನವರಿಗೂ ಕಂಪನಿಯವರಿಗೂ ಈಗಲೇ ಹೇಳಿಡಿ. ಬಂದವರ ಅಂಗೈಗೆ ಒಂದೊಂದು ಹಿಡಿ ಕೊಡಿ. ಕಾಡುಮಣ್ಣಿನ ವಾಸನೆ ಬಿಟ್ಟು ಬೇರೇನೂ ಅದರಲ್ಲಿ ಇರಬಾರದು. ಇದ್ದರೆ ಬಾಗಿಲು ಮುಚ್ಚಿ ಇನ್ನೂ ಆರು ತಿಂಗಳು ಬಿಡಿ.